ರೋಮನ್ ಸುಗಂಧದ ಕುಪ್ಪಿಯನ್ನು ಬಾಯಿಂದ ಬುಡದವರೆಗೆ ಓದುವ ಬಗೆ

ಮ್ಯೂಸಿಯಂನಲ್ಲಿ ರೋಮನ್ ಗಾಜಿನ ಕಪಾಟಿನ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪಕ್ಕದಲ್ಲೇ ಅಮೃತಶಿಲೆಯ ಚಕ್ರವರ್ತಿಯೊಬ್ಬ ನಿಂತಿರುತ್ತಾನೆ, ಕಣ್ಣು ಅತ್ತ ಹೋಗಿಬಿಡುತ್ತದೆ. ಬೆರಳುದ್ದದ ಕುಪ್ಪಿಗಳು ಸಾಲಾಗಿ ಕೂತಿರುತ್ತವೆ, ಎಲ್ಲವೂ ಒಂದೇ ಥರ ಕಾಣುತ್ತವೆ, ಕಾಮನಬಿಲ್ಲಿನಂತೆ ಮಿನುಗುತ್ತವೆ. "ಎಷ್ಟು ಚೆನ್ನಾಗಿ ಹೊಳೀತಿದೆ" ಅಂದುಕೊಂಡು ಮುಂದೆ ನಡೆಯುತ್ತೇವೆ.

ಆ ಹೊಳಪು ಕುಪ್ಪಿ ಮಾಡಿದವನದ್ದಲ್ಲ. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಹೂತಿದ್ದರಿಂದ ಬಂದದ್ದು ಅದು. ಇದು ತಿಳಿದ ದಿನದಿಂದ ಇಂಥ ಕುಪ್ಪಿಯನ್ನು ನೋಡುವ ನನ್ನ ಕ್ರಮವೇ ಬದಲಾಯಿತು. ಈಗ ಪ್ರತಿ ಗುರುತಿಗೂ ಒಂದೇ ಪ್ರಶ್ನೆ ಹಾಕುತ್ತೇನೆ: ಇದನ್ನು ಮಾಡಿದ್ದು ಯಾರು? ಕುಲುಮೆಯ ಮುಂದೆ ಕೂತು ಊದಿದವನೋ, ಅದರಿಂದ ಎಣ್ಣೆ ಸುರಿದುಕೊಂಡವರೋ, ಇಲ್ಲಾ ಮಣ್ಣೋ? ಈ ಮೂರನ್ನು ಬೇರೆ ಬೇರೆ ಮಾಡಿ ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಕ್ರಮವಾಗಿ ಹೇಳುತ್ತೇನೆ.

ಹೊರಡುವ ಮುನ್ನ ಮನೆಯಲ್ಲಿ ಒಂದು ಅಭ್ಯಾಸ

ಔಷಧಿಯ ಖಾಲಿ ಬಾಟಲಿ ಒಂದನ್ನು ತೊಳೆದು ಒರೆಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಉಗುರನ್ನು ಬದಿಯಲ್ಲಿ ಮೇಲಿಂದ ಕೆಳಕ್ಕೆ ಎಳೆಯಿರಿ. ಎರಡು ಕಡೆ ಸಣ್ಣ ಏಣು ಸಿಗುತ್ತದೆ. ಅದು ಅಚ್ಚಿನ ಎರಡು ಹೋಳು ಕೂಡಿದ ಜಾಗ. ಗೋಲಿಸೋಡಾ ಬಾಟಲಿಯಲ್ಲಿ ಇದು ಇನ್ನೂ ಸ್ಪಷ್ಟ. ಬಾಯಿಯಿಂದ ಊದಿ, ಬರಿಗೈಯ ಚಳಕದಿಂದ ರೂಪ ಕೊಟ್ಟ ಕುಪ್ಪಿಯಲ್ಲಿ ಈ ಏಣು ಇರುವುದಿಲ್ಲ. ಗೋಡೆಯ ದಪ್ಪವೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಸಾಕು, ಅರ್ಧ ಕೆಲಸ ಆದಂತೆ.

ಜೊತೆಗೆ ಒಂದು ಸಣ್ಣ ಭೂತಕನ್ನಡಿ, ನೋಟ್‌ಬುಕ್, ಪೆನ್ಸಿಲ್ ಇರಲಿ. ಮೊಬೈಲಿನ ಫ್ಲ್ಯಾಶ್ ಆಫ್ ಮಾಡಿ. ಫೋಟೊ ತೆಗೆಯುವಾಗ ಮೊಬೈಲನ್ನು ಕಪಾಟಿನ ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದರೆ ನಿಮ್ಮದೇ ಪ್ರತಿಬಿಂಬ ಅಡ್ಡ ಬರುವುದಿಲ್ಲ.

ವಿದೇಶ ಪ್ರಯಾಣದ ಯೋಗ ಎಲ್ಲರಿಗೂ ಇರುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಕಾರ್ನಿಂಗ್ ಗಾಜಿನ ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮೂರೂ ತಮ್ಮ ಸಂಗ್ರಹದ ಚಿತ್ರಗಳನ್ನು ಜಾಲತಾಣದಲ್ಲಿ ಇಟ್ಟಿವೆ. ದೊಡ್ಡದು ಮಾಡಿ ನೋಡಿದರೆ ಗಾಜಿನೊಳಗಿನ ಗುಳ್ಳೆಯೂ ಕಾಣುತ್ತದೆ. ಯುರೋಪಿನಲ್ಲಿರುವ ಕನ್ನಡಿಗರು ಜರ್ಮನಿಯ ಕೊಲೋನ್‌ಗೂ ಕ್ರೊಯೇಷಿಯಾದ ಝಾದರ್‌ಗೂ ಹೋಗಿ ಬರಬಹುದು. ಝಾದರ್‌ನಲ್ಲಿ ಪ್ರಾಚೀನ ಗಾಜಿಗೆಂದೇ ಒಂದು ಮ್ಯೂಸಿಯಂ ಇದೆ.

ಮೊದಲು ಚೀಟಿ ಓದಿ, ಆದರೆ ಒಂದು ಕಥೆಯನ್ನು ನಂಬಬೇಡಿ

ಚೀಟಿಯಲ್ಲಿ "ಉಂಗ್ವೆಂಟೇರಿಯಂ" ಅಥವಾ "ಬಾಲ್ಸಮೇರಿಯಂ" ಎಂದಿರುತ್ತದೆ. ಎರಡರ ಅರ್ಥವೂ ಲೇಪನದ ಎಣ್ಣೆ, ಪರಿಮಳದ ಎಣ್ಣೆ ಇಡುವ ಕುಪ್ಪಿ. ಕೆಲವೊಮ್ಮೆ "ಇಸಿಂಗ್ಸ್ 8", "ಇಸಿಂಗ್ಸ್ 82" ಎಂಬ ಗುರುತೂ ಇರುತ್ತದೆ. ಕ್ಲಾಸಿನಾ ಇಸಿಂಗ್ಸ್ ಎಂಬ ಡಚ್ ವಿದುಷಿ 1957ರಲ್ಲಿ ರೋಮನ್ ಗಾಜಿನ ಆಕಾರಗಳಿಗೆ ಕೊಟ್ಟ ಸಂಖ್ಯೆ ಅದು. 8 ಎಂದರೆ ಕೊಳವೆಯಂಥ ಕುಪ್ಪಿ, 82 ಎಂದರೆ ದೀಪದ ಕಂಬದಂಥ ಕುಪ್ಪಿ, 61 ಎಂದರೆ ಗುಂಡನೆಯ ಸ್ನಾನದ ಎಣ್ಣೆಯ ಕುಪ್ಪಿ. ಈ ಮೂರು ನೆನಪಿದ್ದರೆ ಯಾವ ಭಾಷೆಯ ಚೀಟಿಯಾದರೂ ದಾರಿ ತೋರುತ್ತದೆ.

ಹಳೆಯ ಚೀಟಿಗಳಲ್ಲಿ, ಮಾರುವವರ ಬಾಯಲ್ಲಿ ಇನ್ನೊಂದು ಹೆಸರು ಬರುತ್ತದೆ: ಕಣ್ಣೀರಿನ ಕುಪ್ಪಿ. ಸತ್ತವರಿಗಾಗಿ ಅತ್ತವರು ತಮ್ಮ ಕಣ್ಣೀರನ್ನು ಇದರಲ್ಲಿ ತುಂಬಿ ಸಮಾಧಿಯಲ್ಲಿಡುತ್ತಿದ್ದರು ಎಂಬ ಕಥೆ. ಕೇಳಲು ಮನ ಕಲಕುತ್ತದೆ, ಆದರೆ ನಿಜವಲ್ಲ. ಕುಪ್ಪಿಗಳು ಹೆಚ್ಚಾಗಿ ಸಮಾಧಿಗಳಲ್ಲಿ ಸಿಕ್ಕಿದ್ದರಿಂದಲೂ, ಬೈಬಲಿನ 56ನೇ ಕೀರ್ತನೆಯಲ್ಲಿ ಕಣ್ಣೀರನ್ನು ಕುಪ್ಪಿಯಲ್ಲಿ ತುಂಬಿಡುವ ಮಾತು ಬರುವುದರಿಂದಲೂ ಈ ಕಥೆ ಹುಟ್ಟಿಕೊಂಡಿತು. ಒಳಗೆ ಉಳಿದ ಅಂಟನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಎಣ್ಣೆ, ಮೇಣ, ಅಂಟುರಾಳ, ಪುಡಿಗಳು.

ಬಾಯಿ ಮತ್ತು ಕತ್ತು: ಇಲ್ಲಿ ಹೆಚ್ಚು ಹೊತ್ತು ನಿಲ್ಲಿ

ಎಲ್ಲರೂ ಹೊಟ್ಟೆಯ ಆಕಾರವನ್ನು ಮೊದಲು ನೋಡುತ್ತಾರೆ. ಬಾಯಿಂದ ಶುರು ಮಾಡಿ ಎಂದು ನಾನು ಹೇಳುತ್ತೇನೆ. ಬಳಸಿದವರ ಕೈ ಇರುವುದು ಅಲ್ಲಿ.

ಒಂದು ಮಾತು ನೆನಪಿರಲಿ: ರೋಮನ್ನರ ಸುಗಂಧದಲ್ಲಿ ಆಲ್ಕೋಹಾಲ್ ಇರಲಿಲ್ಲ. ಈಗಿನ ಸ್ಪ್ರೇಗಿಂತ ನಮ್ಮ ಅತ್ತರಿಗೇ ಅದು ಹತ್ತಿರ. ಹಸಿ ಆಲಿವ್ ಕಾಯಿಯ ಎಣ್ಣೆ, ಬಾದಾಮಿ ಎಣ್ಣೆ, ಎಳ್ಳೆಣ್ಣೆ, ಬೆನ್ ಎಣ್ಣೆಗಳಲ್ಲಿ ಹೂವು, ಬೇರು, ತೊಗಟೆಗಳನ್ನು ನೆನೆಸಿ, ಕಾಯಿಸಿ ತೆಗೆಯುತ್ತಿದ್ದ ಪರಿಮಳ ಅದು. ಬೆನ್ ಎಣ್ಣೆಯ ಮರ ನಮ್ಮ ನುಗ್ಗೆಯ ಹತ್ತಿರದ ನೆಂಟ. ಪರಿಮಳ ಹಾರಿಹೋಗದಿರಲೆಂದು ರಾಳ ಸೇರಿಸುತ್ತಿದ್ದರು, ಎಣ್ಣೆ ಕೆಡದಿರಲೆಂದು ಉಪ್ಪು ಹಾಕುತ್ತಿದ್ದರು ಎಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ.

ಈಗ ಆ ಎಣ್ಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಯಂಚು ನೋಡಿ. ಅದು ಹೊರಕ್ಕೆ ತಟ್ಟೆಯಂತೆ ಅಗಲವಾಗಿ ಚಾಚಿದೆಯೇ? ಜಾರಿದ ಹನಿ ಅಲ್ಲಿ ನಿಲ್ಲುತ್ತದೆ, ಬೆರಳಿನಿಂದ ಒರೆಸಿಕೊಳ್ಳಬಹುದು, ಮೈಗೇ ಒತ್ತಿ ಸವರಿಕೊಳ್ಳಬಹುದು. ಅಂಚು ಒಳಕ್ಕೆ ಮಡಚಿದೆಯೇ? ಬಿಸಿ ಗಾಜನ್ನು ಸುತ್ತ ಮಡಚಿ ಒತ್ತಿದಾಗ ಬಾಯಿ ಗಟ್ಟಿಯಾಗುತ್ತದೆ, ತುಟಿಯಂತೆ ಉರುಟಾಗುತ್ತದೆ. ಭೂತಕನ್ನಡಿಯಲ್ಲಿ ಮಡಿಕೆಯ ನಡುವೆ ಸಿಕ್ಕಿಕೊಂಡ ಸಣ್ಣ ಗಾಳಿಯ ಗೆರೆ ಕಂಡರೆ, ಅದು ಮಾಡಿದವನ ಇಕ್ಕಳ ಹಾದ ದಾರಿ.

ಕತ್ತು ಮತ್ತು ಹೊಟ್ಟೆ ಸೇರುವಲ್ಲಿ ಎಷ್ಟೋ ಕುಪ್ಪಿಗಳಿಗೆ ಸೊಂಟ ಬಿಗಿದಂಥ ಒಂದು ಕಿರಿದಾದ ಜಾಗ ಇರುತ್ತದೆ. ಗಾಜು ಮೆತ್ತಗಿರುವಾಗಲೇ ಇಕ್ಕಳದಿಂದ ಅಲ್ಲಿ ಅದುಮುತ್ತಿದ್ದರು. ಎಣ್ಣೆ ಗಳಕ್ಕನೆ ಸುರಿಯದೆ ಹನಿಹನಿಯಾಗಿ ಬರಲಿ ಎಂಬುದಕ್ಕೆ ಅದು. ಬಿರಟೆ ಸಾಮಾನ್ಯವಾಗಿ ಉಳಿದಿರುವುದಿಲ್ಲ: ಬೆಂಡು, ಮರ, ಬಟ್ಟೆ, ಮೇಣ ಎಲ್ಲ ಮಣ್ಣಿನಲ್ಲಿ ಕೊಳೆತುಹೋಗುತ್ತವೆ.

ಹೊಟ್ಟೆಯಿಂದ ಕಾಲ ಹೇಳುವುದು

ಮೊದಲಿಗೆ, ಊದಿದ ಕುಪ್ಪಿಯೋ ಅದಕ್ಕೂ ಹಿಂದಿನದೋ ನೋಡಿ. ಗಾಜನ್ನು ಊದುವ ವಿದ್ಯೆ ಹುಟ್ಟಿದ್ದು ಕ್ರಿ.ಪೂ. 1ನೇ ಶತಮಾನದ ನಡುವಿನಲ್ಲಿ, ಸಿರಿಯ-ಪ್ಯಾಲೆಸ್ಟೈನ್ ಕರಾವಳಿಯ ಸೀಮೆಯಲ್ಲಿ. ಜೆರುಸಲೇಮಿನ ಉತ್ಖನನದಲ್ಲಿ ಸುಮಾರು ಕ್ರಿ.ಪೂ. 50ರ ಗಾಜಿನ ಕಸದ ರಾಶಿ ಸಿಕ್ಕಿತು. ಗಾಜಿನ ಕೊಳವೆಯ ತುದಿಯನ್ನು ಮುಚ್ಚಿ ಊದಿ ಮಾಡಿದ ಪುಟ್ಟ ಕುಪ್ಪಿಗಳು ಅದರಲ್ಲಿದ್ದವು. ಅದಕ್ಕೂ ಮುಂಚೆ, ಒಂದೂವರೆ ಸಾವಿರ ವರ್ಷದ ಹಿಂದಿನಿಂದಲೂ, ಕಬ್ಬಿಣ ಅಥವಾ ಕಂಚಿನ ಸರಳಿಗೆ ಮಣ್ಣು-ಸಗಣಿಯ ಉಂಡೆ ಮೆತ್ತಿ, ಅದರ ಸುತ್ತ ಬಿಸಿ ಗಾಜು ಹಾಕಿ, ಆರಿದ ಮೇಲೆ ಒಳಗಿನ ಮಣ್ಣು ಕೆರೆದು ತೆಗೆಯುತ್ತಿದ್ದರು. ಕಡು ನೀಲಿಯ ಮೇಲೆ ಹಳದಿ-ಬಿಳಿ ಅಲೆಯ ಗೆರೆಗಳಿರುವ, ಬೆಳಕು ಹಾಯದ ಪುಟ್ಟ ಕುಪ್ಪಿ ಕಂಡರೆ ಅದು ಈ ಹಳೆಯ ಕೈಯದು. ದಿನವೆಲ್ಲ ದುಡಿದು ಬೆರಳೆಣಿಕೆಯಷ್ಟು ಮಾಡುವ ಕೆಲಸ. ಊದುವುದು ಬಂದ ಮೇಲೆ ಪಳಗಿದವನಿಗೆ ಒಂದು ಕುಪ್ಪಿ ಕೆಲವೇ ನಿಮಿಷದ ಮಾತಾಯಿತು. ರೋಮಿನಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಲೋಟ ಸಿಗುತ್ತದೆ ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದದ್ದು ಈ ಬದಲಾವಣೆಯ ನಂತರ.

ಪರೀಕ್ಷಾ ನಳಿಕೆಯಂತೆ ಉದ್ದನೆಯದು, ಕೆಳಗೆ ತುಸು ಉಬ್ಬಿದ್ದು ಎಂದಾದರೆ ಬಹುತೇಕ ಕ್ರಿ.ಶ. 1ನೇ ಶತಮಾನ. ಕತ್ತು ನೀಳ, ಹೊಟ್ಟೆ ನೆಲಕ್ಕೆ ಚಪ್ಪಟೆಯಾಗಿ ಕೂತು ದೀಪದ ಕಂಬದಂತಿದ್ದರೆ 2ನೇ ಶತಮಾನ, 3ನೇ ಶತಮಾನ. ಈ ಎರಡನೆಯ ಜಾತಿಯನ್ನು ಬದಿಯಿಂದ ನೋಡಲೇಬೇಕು. ಎತ್ತರ ಗೇಣುದ್ದ, ಒಳಗೆ ಹಿಡಿಸುವುದು ಒಂದೆರಡು ಚಮಚ. ಕತ್ತಿಗೇ ಗಾಜಿನ ಬಹುಪಾಲು ಹೋಗಿದೆ. ಕೊಳ್ಳುವವರ ಕಣ್ಣಿಗೆ ದೊಡ್ಡದಾಗಿ ಕಾಣಲಿ ಎಂದೋ, ಎಣ್ಣೆ ಗಾಳಿಗೆ ಒಡ್ಡುವ ಜಾಗ ಕಡಿಮೆಯಿರಲಿ ಎಂದೋ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಗುಂಡನೆಯ ಹೊಟ್ಟೆ, ಎರಡು ದಪ್ಪ ಕಿವಿಗಳಿದ್ದರೆ ಸ್ನಾನದ ಮನೆಗೆ ಒಯ್ಯುತ್ತಿದ್ದ ಎಣ್ಣೆಯ ಕುಪ್ಪಿ. ಕಿವಿಗೆ ಸರಪಳಿ ಹಾಕಿ ಮಣಿಕಟ್ಟಿಗೆ ತೂಗುಬಿಡುತ್ತಿದ್ದರು. ಮೈಗೆ ಎಣ್ಣೆ ಹಚ್ಚಿ, ಬೆವರು-ಕೊಳೆಯ ಸಮೇತ ಅದನ್ನು ಲೋಹದ ಬಾಗಿದ ಕೆರಪಿನಿಂದ ಕೆರೆದು ತೆಗೆಯುವುದು ಅವರ ಅಭ್ಯಂಜನ. ಜೋಡಿ ಕೊಳವೆ, ಮೇಲೆ ಬುಟ್ಟಿಯ ಹಿಡಿಯಂಥದು ಇದ್ದರೆ ಅದು ಸುಗಂಧದ್ದಲ್ಲ, ಕಾಡಿಗೆಯದು. 4ನೇ ಶತಮಾನದಿಂದ ಈಚೆಗೆ ಪೂರ್ವ ಮೆಡಿಟರೇನಿಯನ್ನಿನಲ್ಲಿ ಬಳಕೆಯಲ್ಲಿತ್ತು.

ಒಣ ಖರ್ಜೂರದ ಆಕಾರದವು ಸಿಕ್ಕರೆ ಬಿಡಬೇಡಿ. ಕಂದು ಗಾಜನ್ನು ಅಚ್ಚಿನೊಳಗೆ ಊದಿ, ಹಣ್ಣಿನ ಸುಕ್ಕುಸುಕ್ಕನ್ನೂ ಹಾಗೇ ಮೂಡಿಸಿದ್ದಾರೆ. ಅಚ್ಚಿನ ಕೂಡುಗೆರೆ ಇಲ್ಲಿ ಇರುತ್ತದೆ, ಆದರೆ ಸುಕ್ಕಿನಲ್ಲಿ ಅಡಗಿಸಿರುತ್ತಾರೆ. ಹಾಗಾಗಿ ಏಣು ಕಂಡ ತಕ್ಷಣ ಹೊಸದು ಎಂದು ತೀರ್ಮಾನಿಸಬಾರದು.

ಉತ್ತರ ಇಟಲಿಯ ಹಕ್ಕಿಯ ಕುಪ್ಪಿ ನನಗೆ ಎಲ್ಲಕ್ಕಿಂತ ಇಷ್ಟ. ಹಾಳೆಯಷ್ಟು ತೆಳು ಗಾಜಿನ ಪುಟ್ಟ ಹಕ್ಕಿ. ಒಳಗೆ ಪುಡಿಯನ್ನೋ ದ್ರವವನ್ನೋ ತುಂಬಿ, ಬಾಲದ ತುದಿಯನ್ನು ಉರಿಗೆ ಹಿಡಿದು ಕರಗಿಸಿ ಮುಚ್ಚುತ್ತಿದ್ದರು. ಬೇಕೆನಿಸಿದಾಗ ಬಾಲವನ್ನು ಟಕ್ಕನೆ ಮುರಿಯಬೇಕು, ಈಗಿನ ಇಂಜೆಕ್ಷನ್ ಆಂಪ್ಯೂಲಿನಂತೆ. ಕಪಾಟಿನಲ್ಲಿ ಮೊಂಡು ಬಾಲದ ಹಕ್ಕಿ ಕಂಡರೆ "ಒಡೆದುಹೋಗಿದೆ" ಎನ್ನಬೇಡಿ, ಬಳಸಿದ್ದಾರೆ ಎಂದು ಬರೆದುಕೊಳ್ಳಿ.

ಬುಡ

ಕುಪ್ಪಿಯ ಕೆಳಗೆ ಕನ್ನಡಿ ಇಟ್ಟಿದ್ದರೆ ಬಗ್ಗಿ ನೋಡಿ. ತಳದ ನಡುವೆ ಒರಟಾದ ಬಳೆಯಂಥ ಗಾಯ ಇದ್ದರೆ ಅದು ಪೊಂಟಿಲ್ ಗುರುತು. ಊದುಕೊಳವೆಯಿಂದ ಕುಪ್ಪಿಯನ್ನು ಬಿಡಿಸುವ ಮುನ್ನ ತಳಕ್ಕೆ ಇನ್ನೊಂದು ಸರಳು ಅಂಟಿಸಿ ಹಿಡಿದು, ಬಾಯಿಯನ್ನು ಮತ್ತೆ ಕಾಯಿಸಿ ತಿದ್ದುತ್ತಿದ್ದರು. ಆಮೇಲೆ ಸರಳನ್ನು ತಟ್ಟಿ ಕಳಚಿದಾಗ ಉಳಿಯುವ ಗುರುತು. ಈ ಪದ್ಧತಿ 1ನೇ ಶತಮಾನದಲ್ಲಿ ಶುರುವಾಗಿ ಆಮೇಲೆ ಹರಡಿತು. ಸಣ್ಣ ಕೊಳವೆ ಕುಪ್ಪಿಗಳಲ್ಲಿ ಗುರುತು ಇಲ್ಲದಿದ್ದರೆ ಅನುಮಾನ ಪಡಬೇಕಿಲ್ಲ.

ಬೆಳಕು ಹಾಯಿಸಿ ನೋಡಿ: ಗುಳ್ಳೆ ಮತ್ತು ಬಣ್ಣ

ಕತ್ತಿನಲ್ಲಿ ಗುಳ್ಳೆಗಳು ಅಕ್ಕಿಕಾಳಿನಂತೆ ಉದ್ದವಾಗಿರುತ್ತವೆ, ಹೊಟ್ಟೆಯಲ್ಲಿ ಗುಂಡಗಿರುತ್ತವೆ. ಊದುಕೊಳವೆಯನ್ನು ಕೆಳಮುಖ ಮಾಡಿ ತೂಗಿದಾಗ ಕತ್ತು ಜಗ್ಗಿ ಉದ್ದವಾಯಿತು, ಗುಳ್ಳೆಯೂ ಜೊತೆಗೆ ಜಗ್ಗಿತು. ಕೆಲವೊಮ್ಮೆ ಗುಳ್ಳೆಗಳು ಓರೆಯಾಗಿ ಸುತ್ತಿಕೊಂಡಿರುತ್ತವೆ. ಸರಳನ್ನು ತಿರುಗಿಸುತ್ತಿದ್ದ ಕೈಯ ದಿಕ್ಕು ಅದು.

ತಿಳಿ ಹಸಿರು-ನೀಲಿ ಬಣ್ಣ ಯಾರೂ ಬೇಕೆಂದು ಹಾಕಿದ್ದಲ್ಲ, ಮರಳಿನಲ್ಲಿದ್ದ ಕಬ್ಬಿಣದ್ದು. ಗಾಜಿಗೆ ಬೇಕಾದದ್ದು ಮರಳು, ಸೋಡಾ, ಸುಣ್ಣ. ಸೋಡಾ ಬರುತ್ತಿದ್ದದ್ದು ಈಜಿಪ್ಟಿನ ವಾದಿ ನತ್ರೂನ್ ಕೆರೆಗಳ ನೇಟ್ರಾನ್ ಖನಿಜದಿಂದ. ನಮ್ಮ ಅಗಸರು ಬಳಸುತ್ತಿದ್ದ ಚೌಳುಮಣ್ಣಿನಲ್ಲಿ ಇರುವಂಥದೇ ಕ್ಷಾರ. ಸುಣ್ಣ ಕಡಲ ತೀರದ ಮರಳಿನ ಚಿಪ್ಪಿನ ಚೂರಿನಿಂದಲೇ ಸಿಗುತ್ತಿತ್ತು. ಅಕ್ಕೊ ಊರಿನ ಬಳಿಯ ಬೇಲಸ್ ನದಿಯ ಬಾಯಿಯ ಮರಳು ಇದಕ್ಕೆ ಹೆಸರಾಗಿತ್ತು. ಬಣ್ಣ ಕಳೆಯಲು ಆಂಟಿಮನಿ ಅಥವಾ ಮ್ಯಾಂಗನೀಸ್ ಸೇರಿಸುತ್ತಿದ್ದರು, ಕಡು ನೀಲಿಗೆ ಕೋಬಾಲ್ಟ್. ಬಣ್ಣವಿಲ್ಲದ ಗಾಜಿಗೇ ಬೆಲೆ ಹೆಚ್ಚು: ಕ್ರಿ.ಶ. 301ರ ಡಯೊಕ್ಲೀಷಿಯನ್ ಚಕ್ರವರ್ತಿಯ ದರಪಟ್ಟಿಯಲ್ಲಿ ಅಲೆಕ್ಸಾಂಡ್ರಿಯದ ಗಾಜು ಪೌಂಡಿಗೆ 24 ದಿನಾರಿ, ಹಸಿರು ಛಾಯೆಯ ಜೂಡಿಯದ ಗಾಜು 13 ದಿನಾರಿ. ಹಾಗಾಗಿ ಹಸಿರು ಕುಪ್ಪಿ ಎಂದರೆ ಸಾಮಾನ್ಯರ ಕೈಗೆಟುಕುವ ಕುಪ್ಪಿ ಎಂದುಕೊಳ್ಳಿ.

ಇನ್ನೂ ರೂಪ ಕೊಡದ ಹಸಿ ಗಾಜಿನ ಗಟ್ಟಿಗಳು ನಮ್ಮ ಪಶ್ಚಿಮ ಕರಾವಳಿಗೂ ಬರುತ್ತಿದ್ದವು. 1ನೇ ಶತಮಾನದ ಗ್ರೀಕ್ ಹಡಗು ಕೈಪಿಡಿ ಪೆರಿಪ್ಲಸ್, ಗುಜರಾತಿನ ಭರೂಚ್ ಮತ್ತು ಕೇರಳದ ಮುಜಿರಿಸ್ ಬಂದರುಗಳಿಗೆ ಇಳಿಯುವ ಸರಕಿನಲ್ಲಿ ಅದನ್ನು ಹೆಸರಿಸುತ್ತದೆ. ಅದೇ ಹಡಗುಗಳು ಮರಳುವಾಗ ಮೆಣಸಿನ ಜೊತೆ ಜಟಾಮಾಂಸಿ, ತಮಾಲಪತ್ರ ಹೇರಿಕೊಂಡು ಹೋಗುತ್ತಿದ್ದವು. ಈಜಿಪ್ಟಿನಲ್ಲಿ ಸಿಕ್ಕ 2ನೇ ಶತಮಾನದ ಪಪೈರಸ್ ಪತ್ರವೊಂದರಲ್ಲಿ, ಮುಜಿರಿಸ್‌ನಿಂದ ಬಂದ ಹೆರ್ಮಪೊಲ್ಲಾನ್ ಎಂಬ ಹಡಗಿನಲ್ಲಿ ಗಂಗಾತೀರದ ಜಟಾಮಾಂಸಿಯ 60 ಪೆಟ್ಟಿಗೆಗಳಿದ್ದ ಲೆಕ್ಕ ಇದೆ. ಗಾಜು ಇತ್ತ, ಪರಿಮಳ ಅತ್ತ.

ಹೊಳಪು: ಮಣ್ಣಿನ ಕೈ

ತೇವದ ಮಣ್ಣಿನಲ್ಲಿ ಗಾಜಿನ ಮೇಲ್ಮೈಯ ಸೋಡಾ ನಿಧಾನವಾಗಿ ನೀರಿಗೆ ಇಳಿದುಹೋಗುತ್ತದೆ. ಉಳಿಯುವುದು ಈರುಳ್ಳಿಯ ಪೊರೆಯಂಥ ತೆಳು ಪದರಗಳು. ಒಂದೊಂದು ಪದರದಿಂದ ಮರಳುವ ಬೆಳಕು ಒಂದಕ್ಕೊಂದು ಬೆರೆತು ನವಿಲಿನ ಕತ್ತಿನ ಬಣ್ಣ ಹುಟ್ಟುತ್ತದೆ. ನೀರಿನ ಮೇಲಿನ ಎಣ್ಣೆಯಲ್ಲಿ ಕಾಣುವುದೂ ಇದೇ. ಎಲ್ಲಿ ಈ ಪೊರೆ ಕಿತ್ತು ಬಿದ್ದಿದೆಯೋ ಅಲ್ಲಿ ಹುಡುಕಿ: ಕೆಳಗೆ ಮೂಲ ಗಾಜು ಇಣುಕುತ್ತಿರುತ್ತದೆ. ಮಾಡಿದವನು ನೋಡಿದ್ದು ಆ ಬಣ್ಣವನ್ನು.

ನಕಲಿ ಹಿಡಿಯಲೂ ಇದೇ ಜಾಗ. ನಿಜವಾದ ಪೊರೆ ಒಂದೇ ಸಮ ಇರುವುದಿಲ್ಲ, ಗುಂಡಿಯೊಳಗೆ ಇಳಿದಿರುತ್ತದೆ, ಚಕ್ಕೆಚಕ್ಕೆಯಾಗಿ ಎದ್ದಿರುತ್ತದೆ. ಬಣ್ಣ ಬಳಿದಂತೆ ಎಲ್ಲ ಕಡೆ ಸಮನಾಗಿ ಮಿಂಚುತ್ತಿದ್ದರೆ, ಮಣ್ಣು ಅಂಟಿನಿಂದ ಮೆತ್ತಿದಂತಿದ್ದರೆ ಎಚ್ಚರ. ಒಂದು ಕುಪ್ಪಿಯ ಕತ್ತನ್ನು ಇನ್ನೊಂದರ ಹೊಟ್ಟೆಗೆ ಅಂಟಿಸಿ ಇಡೀ ಕುಪ್ಪಿ ಎಂದು ಮಾರುವುದೂ ಇದೆ. ಕತ್ತಿನ ಬುಡದಲ್ಲಿ ಬಣ್ಣ, ಗುಳ್ಳೆಯ ದಿಕ್ಕು ತಟ್ಟನೆ ಬದಲಾಗಿದೆಯೇ ನೋಡಿ.

ಸೊಟ್ಟಗಾಗಿ ಮುದುಡಿದ ಕುಪ್ಪಿಗಳೂ ಕಾಣಸಿಗುತ್ತವೆ. ಕೆಲಸ ಕೆಟ್ಟ ಕುಪ್ಪಿಗಳಲ್ಲ ಅವು. ಚಿತೆಯ ಮೇಲೆ ಸುಗಂಧ ಸುರಿದು ಕುಪ್ಪಿಯನ್ನೂ ಅಲ್ಲೇ ಹಾಕಿದಾಗ ಬೆಂಕಿಯಲ್ಲಿ ಕರಗಿದವು. ನಾನು ಹೆಚ್ಚು ಹೊತ್ತು ನೋಡುವುದು ಇವನ್ನೇ. ಮನೆಗಳಲ್ಲಿ ಒಡೆದ ಗಾಜು ಹೀಗೆ ಉಳಿಯಲಿಲ್ಲ. ಒಡೆದ ಗಾಜಿಗೆ ಬದಲಾಗಿ ಗಂಧಕದ ಕಡ್ಡಿ ಕೊಡುವ ಬೀದಿ ವ್ಯಾಪಾರಿಗಳು ರೋಮಿನಲ್ಲಿದ್ದರೆಂದು ಕವಿ ಮಾರ್ಷಿಯಲ್ ಹೇಳುತ್ತಾನೆ; ಆ ಚೂರೆಲ್ಲ ಮತ್ತೆ ಕುಲುಮೆಗೆ ಹೋಯಿತು. ಇಡಿಯಾಗಿ ನಮಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಸತ್ತವರ ಜೊತೆ ಇಟ್ಟವು.

ಕೈಗೆ ಸಿಕ್ಕರೆ, ಕೊಳ್ಳಬೇಕೆನಿಸಿದರೆ

ಕೆಲವು ಮ್ಯೂಸಿಯಂಗಳಲ್ಲಿ ವಸ್ತುಗಳನ್ನು ಮುಟ್ಟಿ ನೋಡಲು ಬಿಡುತ್ತಾರೆ. ಉಂಗುರ, ಬಳೆ ತೆಗೆದಿಡಿ. ಮೇಜಿನ ಮೇಲೆ ಮೆತ್ತೆ ಇರಲಿ, ಕುಪ್ಪಿ ಅದರಿಂದ ಒಂದು ಗೇಣಿಗಿಂತ ಮೇಲೇಳದಿರಲಿ. ಕತ್ತು ಹಿಡಿದು ಎತ್ತಲೇಬಾರದು, ಎರಡೂ ಕೈಯಲ್ಲಿ ಹೊಟ್ಟೆಯನ್ನು ಆನಿಸಿಕೊಳ್ಳಿ. ಪೊರೆಯನ್ನು ಬೆರಳಿನಿಂದ ಉಜ್ಜಬೇಡಿ. ಒಳಗಿನ ಮಣ್ಣನ್ನು ಕೊಡವುವುದು, ತೊಳೆಯುವುದು ಎಲ್ಲಕ್ಕಿಂತ ದೊಡ್ಡ ನಷ್ಟ: ಹಳೆಯ ಎಣ್ಣೆಯ ಕುರುಹು ಉಳಿದಿದ್ದರೆ ಆ ಮಣ್ಣಿನಲ್ಲೇ ಇರುತ್ತದೆ.

ಕೊಳ್ಳುವ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರ: ಬೇಡ. ಸಿರಿಯದ ಯುದ್ಧದ ವರ್ಷಗಳಲ್ಲಿ ಪ್ರಾಚೀನ ಊರುಗಳ ನೆಲ ಅಗೆದು ದೋಚಿದರು. ಹಾಗೆ ಕಿತ್ತು ತಂದ ಕುಪ್ಪಿ ಯಾವ ಸಮಾಧಿಯದು, ಪಕ್ಕದಲ್ಲಿ ಏನಿತ್ತು ಎಂಬುದು ಶಾಶ್ವತವಾಗಿ ಅಳಿಸಿಹೋಗುತ್ತದೆ. ಎಲ್ಲಿಂದ ಬಂತು, 1970ರ ಯುನೆಸ್ಕೊ ಒಪ್ಪಂದಕ್ಕೂ ಮುಂಚೆ ಯಾರ ಬಳಿ ಇತ್ತು ಎಂಬ ಕಾಗದ ತೋರಿಸದವರ ಬಳಿ ಮಾತೇ ಬೇಡ. ನಮ್ಮ ದೇಶದಲ್ಲಿ ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪರವಾನಗಿ ಬೇಕು.

ಅದರ ಬದಲು ಚಿತ್ರ ಬರೆಯಿರಿ. ನಡುವೆ ಒಂದು ನೆಟ್ಟ ಗೆರೆ. ಒಂದು ಬದಿಗೆ ಕುಪ್ಪಿಯನ್ನು ಸೀಳಿದರೆ ಕಾಣುವ ಗೋಡೆಯ ದಪ್ಪ, ಇನ್ನೊಂದು ಬದಿಗೆ ಹೊರಮೈ. ಪುರಾತತ್ವದವರು ಬರೆಯುವುದು ಹೀಗೆ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬರೆಯಲು ಹೊರಟಾಗಲೇ ಕಣ್ಣು ಸರಿಯಾಗಿ ನೋಡತೊಡಗುತ್ತದೆ.

ಕೊನೆಗೆ ಮೂಗು

ಸ್ಪೇನಿನ ಕಾರ್ಮೋನಾ ಊರಿನಲ್ಲಿ 2019ರಲ್ಲಿ 1ನೇ ಶತಮಾನದ ಕುಟುಂಬ ಸಮಾಧಿಯೊಂದು ಸಿಕ್ಕಿತು. ಸೀಸದ ಪೆಟ್ಟಿಗೆಯೊಳಗೆ ಗಾಜಿನ ಕರಂಡ, ಅದರೊಳಗೆ ದಹನವಾದ ಹೆಂಗಸೊಬ್ಬಳ ಮೂಳೆಗಳು, ಅದರ ಮೇಲೆ ಬಟ್ಟೆಯ ಚೀಲದ ಕುರುಹು, ಅಂಬರ್ ಮಣಿಗಳು, ಒಂದು ಪುಟ್ಟ ಕುಪ್ಪಿ. ಅದು ಗಾಜಿನದಲ್ಲ, ಸ್ಫಟಿಕ ಶಿಲೆಯನ್ನು ಕೊರೆದದ್ದು. ಕಲ್ಲಿನ ಬಿರಟೆ ಹಾಕಿ ಡಾಂಬರಿನಂಥ ಬಿಟುಮೆನ್‌ನಿಂದ ಮುಚ್ಚಿದ್ದರಿಂದ ಒಳಗಿನದು ಗಟ್ಟಿಯಾಗಿ ಉಳಿದಿತ್ತು. ಕೊರ್ಡೋಬಾ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು 2023ರಲ್ಲಿ ಫಲಿತಾಂಶ ಪ್ರಕಟಿಸಿದರು: ಸಸ್ಯಜನ್ಯ ಎಣ್ಣೆ, ಅದರಲ್ಲಿ ಪಚೌಲಿಯ ಪರಿಮಳ.

ಪಚೌಲಿ ಎಂದರೆ ನಮ್ಮ ಪಚ್ಚೆತೆನೆಯ ಕುಲದ್ದೇ ಗಿಡ. ಹೂಮಾಲೆಯ ನಡುವೆ ಮರುಗ, ದವನದಂತೆ ಸೇರಿಸಿ ಕಟ್ಟುವ ಆ ಎಲೆ. ಜಟಾಮಾಂಸಿ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದಾದರೂ ಹಿಮಾಲಯದಲ್ಲಿ ಆ ಗಿಡ ಅಳಿವಿನಂಚಿನಲ್ಲಿದೆ, ಅದನ್ನು ಬಿಟ್ಟುಬಿಡಿ. ಪಚ್ಚೆತೆನೆಯ ಒಂದು ಹಿಡಿ ಎಲೆ ನೆರಳಿನಲ್ಲಿ ಬಾಡಿಸಿ, ಕಿವುಚಿ, ಬಟ್ಟಲಿನಲ್ಲಿ ಎಳ್ಳೆಣ್ಣೆಗೆ ಹಾಕಿ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ, ಕುದಿಸಬೇಡಿ. ಮೂರು ದಿನ ಮುಚ್ಚಿಟ್ಟು, ಎಲೆ ಹಿಂಡಿ ತೆಗೆದು, ಹೊಸ ಎಲೆ ಹಾಕಿ ಇನ್ನೆರಡು ಸಲ ಹೀಗೇ ಮಾಡಿ. ಬಟ್ಟೆಯಲ್ಲಿ ಸೋಸಿ ಅಭ್ಯಾಸಕ್ಕೆ ಹಿಡಿದಿದ್ದ ಆ ಔಷಧಿ ಬಾಟಲಿಗೆ ತುಂಬಿ, ಬಾಗಿಸಿ, ಮೊದಲ ಹನಿ ಬಾಯಂಚಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ.